ಐದು ಬರಲೇಬೇಕು

"ಉಳಿದ ಅರ್ಧ ಎಲ್ಲೋಯ್ತು ಅಂತ ಕೇಳ್ತಿದ್ದೀನಿ! ಲೆಕ್ಕದಲ್ಲಿ ಐದು ಬರ್ಬೇಕು, ಮೀಟರು ನಾಲ್ಕೂವರೆ ತೋರಿಸ್ತಿದೆ. ಆ ಅರ್ಧ ನಿಮ್ಮಪ್ಪ ಕುಡಿದ್ನೇನೋ, ದರಿದ್ರ ನನ್ಮಗನೆ?"

ಇಂಜಿನಿಯರ್ ಹಾಗೆ ಕೂಗಿದ್ದು ನನ್ನ ಭಾವನ ಮುಖಕ್ಕೆ. ಭಾವ ಗೋರೆಯ ಉದ್ದನೆಯ ಹಿಡಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅವನ ಮೊಣಕೈಯಿಂದ ಇಳಿದ ಕೊಳಕು ನೀರು ಇಂಜಿನಿಯರ್ ಬೂಟಿನ ಮೇಲೆ ತೊಟ್ಟಿಕ್ಕಿತು.

"ದೂರ ನಿಂತ್ಕೊಳೋ, ನಾತ!"

ಭಾವ ದೂರ ಸರಿದ. ಅಲ್ಲಿ ದೂರ ಎನ್ನುವುದಕ್ಕೆ ಜಾಗವಾದರೂ ಎಲ್ಲಿದೆ. ಮುಂದೆ ಇಂಜಿನಿಯರ್, ಹಿಂದೆ ನೀರು. ಕಟ್ಟೆಯ ಅಂಚಿನಲ್ಲಿ ಹಿಮ್ಮಡಿ ಊರಿಕೊಂಡು ನಿಂತ.

ನಾವು ಜಾಲರಿ ಕೆಲಸದವರು. ದೂರದಲ್ಲಿ ಹೊಳೆಗೆ ಒಡ್ಡು ಹಾಕಿ, ಗುಡ್ಡದ ಪಕ್ಕೆಯಲ್ಲಿ ಕಾಲುವೆ ತೋಡಿ, ಆ ನೀರನ್ನೆಲ್ಲ ಇಲ್ಲಿ ಗುಡ್ಡದ ತಲೆಯ ಮೇಲಿನ ತೊಟ್ಟಿಗೆ ತಂದು ಬಿಟ್ಟಿದ್ದಾರೆ. ತೊಟ್ಟಿಯ ತುದಿಯಲ್ಲಿ ಒಂದು ಪೈಪಿನ ಬಾಯಿ. ಎತ್ತು ಸಮೇತ ಗಾಡಿ ಹೊಡೆದುಕೊಂಡು ಹೋಗಬಹುದು, ಅಷ್ಟು ದೊಡ್ಡದು. ಆ ಪೈಪು ಗುಡ್ಡದ ಮೈಮೇಲೆ ನೆಟ್ಟಗೆ ಇಳಿದು ಕೆಳಗಿನ ಪವರ್ ಹೌಸಿಗೆ ಹೋಗುತ್ತದೆ. ನೀರು ಅಲ್ಲಿ ಚಕ್ರ ತಿರುಗಿಸುತ್ತದೆ, ಕರೆಂಟು ಆಗುತ್ತದೆ. ಪೈಪಿನ ಬಾಯಿಗೆ ಅಡ್ಡವಾಗಿ ಕಬ್ಬಿಣದ ಕಂಬಿಗಳ ಜಾಲರಿ. ಊರುಗಳವರು ಹೊಳೆಗೆ ಎಸೆದದ್ದೆಲ್ಲ ತೇಲಿ ಬಂದು ಈ ಜಾಲರಿಗೆ ಅಂಟಿಕೊಳ್ಳುತ್ತದೆ. ಅದನ್ನು ಕಬ್ಬಿಣದ ಹಲ್ಲಿನ ಗೋರೆಯಿಂದ ಎಳೆದು ಮೇಲೆ ಹಾಕುವುದು ನಮ್ಮ ಕೆಲಸ. ನಾನು, ಅಕ್ಕ, ಅವಳ ಗಂಡ ಭಾವ, ಆಮೇಲೆ ಒಬ್ಬ ಮುದುಕ. ಅವನು ಸೂರ್ಯ ಹುಟ್ಟಿದ್ದಕ್ಕೂ ಗೊಣಗುವವನು, ಹಾಗಾಗಿ ಗೊಣಗಜ್ಜ.

ಸೊಪ್ಪು, ಕೊಂಬೆ, ಬಾಟಲಿ, ಚಪ್ಪಲಿ, ಹಾಸಿಗೆ, ಬಾಗಿಲಿನ ಹಲಗೆ, ಸತ್ತ ಹಂದಿ. ಒಂದು ಸಲ ಇಡೀ ಸೋಫಾ ಬಂದಿತ್ತು. ಗೊಣಗಜ್ಜ ಅದರ ಮೇಲೆ ಕೂತು ಬೀಡಿ ಸೇದಿ, ಸ್ಪ್ರಿಂಗು ಚುಚ್ಚುತ್ತದೆ ಎಂದು ಗೊಣಗಿದ್ದ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯಲ್ಲಿ ಗಂಡಹೆಂಡಿರ ಜಗಳವಾಯಿತು ಎನ್ನುವುದನ್ನೆಲ್ಲ ಅಕ್ಕ ಕಸ ನೋಡಿಯೇ ಹೇಳುತ್ತಿದ್ದಳು. ನಾವು ಗೋರೆ ಕೆಳಗಿಟ್ಟು ಉಣ್ಣಲು ಕೂತರೆ ಸಾಕು, ಅಷ್ಟರಲ್ಲಿ ಜಾಲರಿ ಮುಚ್ಚಿಕೊಳ್ಳಲು ಶುರುವಾಗುತ್ತಿತ್ತು. ಹಾಗಾಗಿ ಒಬ್ಬರು ಉಣ್ಣುವಾಗ ಇನ್ನೊಬ್ಬರು ಎಳೆಯುತ್ತಿದ್ದೆವು.

ಆ ದಿನ ಪರೀಕ್ಷೆ. ನಮಗಲ್ಲ, ಚಕ್ರಕ್ಕೆ. ಹಳೆಯದನ್ನು ಕಿತ್ತು ಹೊಸ ಚಕ್ರ ಹಾಕಿದ್ದರು. ಅದು ಹೇಳಿದಷ್ಟು ಕರೆಂಟು ಕೊಡುತ್ತದೋ ಇಲ್ಲವೋ ನೋಡಲು ದೊಡ್ಡ ಆಫೀಸಿನಿಂದ ಕನ್ನಡಕದ ಸಾಹೇಬರು ಬಂದಿದ್ದರು. ಬೆಳಿಗ್ಗೆಯಿಂದ ಊಟದ ಹೊತ್ತಿನ ತನಕ ಚಕ್ರ ಒಂದೇ ಸಮ ತಿರುಗಬೇಕು, ನಡುವೆ ನಿಂತರೆ ಎಲ್ಲ ಮೊದಲಿಂದ. ಅವರು ಕಟ್ಟೆಯ ಮೇಲೆ ಛತ್ರಿಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೆತ್ತಗೆ ಮಾತಾಡುವ ಜನ. ಬಂದ ಕೂಡಲೇ ನಮಗೂ ತಲೆಯಾಡಿಸಿ ನಕ್ಕಿದ್ದರು.

ಅವರಿಗೆ ಇಂಜಿನಿಯರ್ ಲೆಕ್ಕ ಒಪ್ಪಿಸುತ್ತಿದ್ದ. ಆ ಲೆಕ್ಕ ನನಗೂ ಬಾಯಿಪಾಠ. ಓದಿ ಕಲಿತದ್ದಲ್ಲ, ನೋಡಲು ಬಂದವರಿಗೆಲ್ಲ ಅವನು ಅದನ್ನೇ ಒದರುತ್ತಿದ್ದ, ನಮಗೆ ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿರುತ್ತಿರಲಿಲ್ಲ. ನೀರು ಬೀಳುವ ಎತ್ತರ ಎಷ್ಟು? ಅರವತ್ತು ಮೀಟರ್. ಸೆಕೆಂಡಿಗೆ ಬೀಳುವ ನೀರೆಷ್ಟು? ಹತ್ತು ಸಾವಿರ ಲೀಟರ್, ಅಂದರೆ ಹತ್ತು ಟನ್. ಎರಡನ್ನೂ ಗುಣಿಸು. ಭೂಮಿ ಎಳೆಯುವ ಬಲ ಅಂತ ಇನ್ನೊಂದಿದೆಯಂತೆ, ಅದು ಹತ್ತಕ್ಕೆ ಸ್ವಲ್ಪ ಕಡಿಮೆ, ಅದರಿಂದಲೂ ಗುಣಿಸು. ಬಂದದ್ದರಲ್ಲಿ ಪೈಪು ಉಜ್ಜಿ ತಿನ್ನುವುದನ್ನು ಕಳೆ, ಚಕ್ರ ತಿನ್ನುವುದನ್ನು ಕಳೆ. ಉಳಿಯುವುದು ಐದು ಮೆಗಾವಾಟ್.

"ಲೆಕ್ಕದ ಪ್ರಕಾರ ಐದು ಬರ್ಲೇಬೇಕು ಸರ್," ಎಂದ ಇಂಜಿನಿಯರ್. ಪವರ್ ಹೌಸಿನ ಫೋನು ಅವನ ಕಿವಿಗೇ ಅಂಟಿಕೊಂಡಿತ್ತು. ಕೆಳಗಿನವನು ಪ್ರತಿ ಸಲವೂ ನಾಲ್ಕೂವರೆ, ನಾಲ್ಕೂವರೆ ಎನ್ನುತ್ತಿದ್ದ. ನಮಗೂ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದ.

"ಚಕ್ರದಲ್ಲಿ ದೋಷ ಇರ್ಬಹುದಾ?" ಕನ್ನಡಕದವರು ಕೇಳಿದರು.

"ಛೆ ಛೆ, ಚಕ್ರ ಬಂಗಾರ ಸರ್. ಇಲ್ಲಿ ಜಾಲರಿ ತಳದಲ್ಲಿ ಏನೋ ಕೂತಿದೆ, ನೀರು ಪೂರ್ತಿ ಹೋಗ್ತಿಲ್ಲ. ಈ ಜನಕ್ಕೆ ಮೈ ಬಗ್ಗಲ್ಲ. ಮೇಲೆ ಮೇಲೆ ಕೆರೀತಾರೆ, ಬೀಡಿ ಸೇದ್ತಾರೆ, ಅಷ್ಟೇ."

ಬೆಳಕು ಹರಿಯುವ ಮುಂಚೆಯಿಂದ ಎಳೆಯುತ್ತಿದ್ದೆವು. ನನ್ನ ಎರಡೂ ಅಂಗೈ ಬೊಬ್ಬೆ ಒಡೆದು ಉರಿಯುತ್ತಿತ್ತು. ಮೈ ಬಗ್ಗುವುದಿಲ್ಲವಂತೆ. ಅವನ ಕುತ್ತಿಗೆ ಹಿಡಿದು ಬಗ್ಗಿಸಿ ತೋರಿಸಬೇಕು ಅನಿಸಿತು.

ತಳದಲ್ಲಿ ಏನೋ ಇದ್ದದ್ದು ನಿಜ. ಹಿಂದಿನ ದಿನವೇ ಗೋರೆಗೆ ತಾಗಿತ್ತು. ನೀರು ಕುಡಿದು ಭಾರವಾದ ದಪ್ಪ ಹಾಸಿಗೆ, ಇಲ್ಲವೇ ಅಂಥದ್ದೇ ಇನ್ನೊಂದು. ಅದಕ್ಕೆ ಗೋರೆ ಸಿಕ್ಕಿಸಬೇಕಾದರೆ ಕಟ್ಟೆಯ ಅಂಚಿನಿಂದ ಸೊಂಟದ ತನಕ ಹೊರಗೆ ಬಾಗಬೇಕು. ಹಾಗೆ ಬಾಗುವಾಗ ನಮ್ಮದೊಂದು ಪದ್ಧತಿ ಇತ್ತು. ಕಟ್ಟೆಯ ಕೈಕಂಬಿ ತುಕ್ಕು ಹಿಡಿದು ಬಿದ್ದುಹೋದ ಮೇಲೆ ನಾವೇ ಮಾಡಿಕೊಂಡದ್ದು. ಬಾಗುವವನ ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮನೆಯವರದೇ ಸೊಂಟಕ್ಕೆ. ಬೇರೆಯವರ ಸೊಂಟಕ್ಕೆ ಕಟ್ಟುತ್ತಿರಲಿಲ್ಲ. ಭಾವ ಬಾಗಿದರೆ ಅಕ್ಕ ಹಿಂದೆ ಕಲ್ಲಿಗೆ ಕಾಲು ಕೊಟ್ಟು ಕೂರುತ್ತಿದ್ದಳು.

"ನೋಡು ನಾದ್ನಿ, ಇಷ್ಟು ವರ್ಷ ಆದ್ರೂ ನಿಮ್ಮಕ್ಕಂಗೆ ನನ್ ಮೇಲೆ ನಂಬಿಕೆ ಇಲ್ಲ, ಹಗ್ಗ ಹಾಕೇ ಇಟ್ಕೊಂಡವಳೆ," ಎಂದು ಭಾವ ಪ್ರತಿ ಸಲವೂ ನನಗೆ ಹೇಳುತ್ತಿದ್ದ. ಅಕ್ಕ ಪ್ರತಿ ಸಲವೂ ಹಗ್ಗವನ್ನು ಒಂದು ಜಗ್ಗು ಜಗ್ಗುತ್ತಿದ್ದಳು.

ಆ ದಿನವೂ ಅಕ್ಕ ಹಗ್ಗ ಕಟ್ಟಿದಳು. ಭಾವ ಅಂಚಿಗೆ ಹೋದ.

"ಏಯ್! ಏನೇ ಅದು ಹಗ್ಗ?" ಇಂಜಿನಿಯರ್ ಓಡಿ ಬಂದ. ಜಾಲರಿಯ ಮುಂದೆ ನೀರಿನಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಳಿಬಿಟ್ಟಿದ್ದರು. ಅದರ ತುಂಬ ಪುಟ್ಟ ಪುಟ್ಟ ಫ್ಯಾನುಗಳು. ನೀರು ಹೋಗುವ ವೇಗಕ್ಕೆ ಅವು ತಿರುಗುತ್ತವೆ, ಅದರಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗುತ್ತದೆ. "ಹಗ್ಗ ನೀರಿಗೆ ಬಿದ್ದು ಫ್ಯಾನಿಗೆ ಸುತ್ಕೊಂಡ್ರೆ ರೀಡಿಂಗೇ ಹಾಳು. ಬಿಚ್ಚು ಅದನ್ನ!"

"ಹಗ್ಗ ಇಲ್ದೆ ಅಷ್ಟು ಬಗ್ಗೋಕಾಗಲ್ಲ ಸಾಹೇಬ್ರೆ," ಎಂದಳು ಅಕ್ಕ. "ಕೆಳಗೆ ಸೆಳೆತ ಎಷ್ಟಿದೆ ಅಂತ ನಿಮಗೂ ಗೊತ್ತು."

"ಬಗ್ಗೋಕಾಗ್ದಿದ್ರೆ ಮನೆಗೆ ಹೋಗಿ. ನಿಮ್ಮಂಥೋರು ಇನ್ನೂ ನೂರು ಜನ ಗೇಟ್ ಹತ್ರ ಕ್ಯೂ ನಿಲ್ತಾರೆ."

ಮೇಸ್ತ್ರಿ ಎಲ್ಲಿದ್ದನೋ, ಮೂಗಿಗೆ ಬೆಣ್ಣೆ ವಾಸನೆ ಬಡಿದ ಬೆಕ್ಕಿನಂತೆ ಬಂದ. ನಾವು ಕಂಪನಿಯ ಜನವಲ್ಲ, ಕಂಟ್ರಾಕ್ಟಿನ ಜನ. ನಮ್ಮನ್ನು ತರುವವನು, ಓಡಿಸುವವನು ಎರಡೂ ಅವನೇ. ಭಾವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ. ಏನು ಪಿಸುಗುಟ್ಟಿದ ಎಂದು ನಮಗೆ ಗೊತ್ತಿತ್ತು, ವಾರದಿಂದ ಅದನ್ನೇ ಊದುತ್ತಿದ್ದ. ಪರೀಕ್ಷೆಯಲ್ಲಿ ಐದು ಬಂದರೆ ಸಾಹೇಬರಿಗೆ ಹೇಳಿ ನಿಮ್ಮಿಬ್ಬರನ್ನೂ ಕಂಪನಿಗೆ ಕಾಯಂ ಮಾಡಿಸುತ್ತೇನೆ.

ಭಾವ ವಾಪಸು ಬಂದವನೇ ಸೊಂಟದ ಗಂಟಿಗೆ ಕೈ ಹಾಕಿದ.

"ಬಿಚ್ಬೇಡ," ಎಂದಳು ಅಕ್ಕ.

"ಒಂದು ಸಲ ಕಣೆ. ಐದು ಬಂದ್ರೆ ಕಾಯಂ ಆಗುತ್ತಂತೆ."

"ಅವನ ಬಾಯಿಗೆ ಮಣ್ಣು ಬೀಳ. ಹೋದ್ಸಲ ಬೂಟು ಕೊಡಿಸ್ತೀನಿ ಅಂದಿದ್ದ, ಬಂತಾ? ಬಿಚ್ಬೇಡ ಅಂದ್ನಲ್ಲ."

"ಈ ಸಲ ದೊಡ್ಡೋರೇ ಬಂದವ್ರೆ. ಅವರು ಕಣ್ಣಾರೆ ನೋಡ್ತಾರೆ, ಯಾರು ಎಳೆದ್ರು ಅಂತ."

ಕಾಯಂ ಎನ್ನುವ ಮಾತು ನನ್ನ ಹೊಟ್ಟೆಯಲ್ಲೂ ಆಸೆ ಹುಟ್ಟಿಸಿತ್ತು. ಭಾವ ಗಂಟು ಬಿಚ್ಚಿದ. ಅಕ್ಕನ ಸೊಂಟದಿಂದ ಹಗ್ಗ ನೆಲಕ್ಕೆ ಜೋತುಬಿತ್ತು. ಅವಳು ಅದನ್ನು ಸುತ್ತಿಕೊಳ್ಳಲೂ ಇಲ್ಲ, ಹಾಗೇ ನಿಂತಳು.

ಅವನು ಹೊಟ್ಟೆಯ ಮೇಲೆ ಮಲಗಿ, ಮುಂದಕ್ಕೆ ಜರುಗಿ ಜರುಗಿ, ಗೋರೆಯನ್ನು ಆಳಕ್ಕೆ ಇಳಿಸಿದ. ನಾನು ಅವನ ಕಾಲು ಹಿಡಿಯಲು ಹೋದೆ. "ನೀನು ಆ ಕಡೆ ಎಳಿ, ಇಬ್ರೂ ಒಂದೇ ಕಡೆ ಯಾಕೆ!" ಎಂದು ಇಂಜಿನಿಯರ್ ಗದರಿದ. ಹೋದೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಕೈಯನ್ನೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಗೋರೆಯ ಹಲ್ಲು ತಳದಲ್ಲಿದ್ದದ್ದಕ್ಕೆ ಕಚ್ಚಿತು. ಭಾವ, "ಸಿಕ್ತು! ಹಾಸಿಗೇನೇ!" ಎಂದ. ಎಳೆದ. ಅದು ಕಂಬಿಯಿಂದ ಅರ್ಧ ಬಿಟ್ಟುಕೊಂಡಿತು. ಬಿಟ್ಟುಕೊಂಡ ಜಾಗಕ್ಕೆ ನೀರು ಒಮ್ಮೆಲೇ ನುಗ್ಗಿತು, ಹಾಸಿಗೆ ಮಗುಚಿ ಮತ್ತೆ ಕಂಬಿಗೆ ಬಡಿಯಿತು, ಗೋರೆಯನ್ನೂ ಎಳೆದುಕೊಂಡಿತು. ಕೈ ಬಿಡಬೇಕಿತ್ತು. ನಮ್ಮವರಿಗೆ ಹಿಡಿದ ಗೋರೆ ಬಿಟ್ಟು ಗೊತ್ತಿಲ್ಲ, ಬಿಡಲಿಲ್ಲ. ತಲೆಕೆಳಗಾಗಿ ಹೋದ.

ಒಂದು ಸಲ ಕೈ ಮೇಲೆ ಬಂತು. ಕಂಬಿಯೊಂದನ್ನು ಹಿಡಿಯಿತು. ಅಕ್ಕ ಅಂಚಿನಲ್ಲಿ ಬಿದ್ದುಕೊಂಡು ತನ್ನ ಕೈ ಚಾಚಿದಳು. ಎರಡು ಕೈಗಳ ನಡುವೆ ಒಂದು ಮೊಳವೂ ಇರಲಿಲ್ಲ. ಆಮೇಲೆ ಆ ಕೈ ಕೆಳಗಿಳಿಯಿತು.

"ಗೇಟು! ಗೇಟು ಹಾಕಿ! ಸಾಹೇಬ್ರೆ, ಗೇಟು!"

ಅಕ್ಕ ಕೂಗಿದ್ದು ಗುಡ್ಡದಾಚೆ ಕೇಳಿರಬೇಕು. ತೊಟ್ಟಿಯ ಪಕ್ಕದಲ್ಲೇ ಗೇಟಿನ ಗುಂಡಿಗಳಿರುವ ಪೆಟ್ಟಿಗೆ. ಗುಂಡಿ ಒತ್ತಿದರೆ ಗೇಟು ಇಳಿದು ನೀರು ನಿಲ್ಲುತ್ತದೆ, ಸೆಳೆತ ನಿಲ್ಲುತ್ತದೆ, ಮನುಷ್ಯ ತೇಲಿ ಮೇಲೆ ಬರುತ್ತಾನೆ. ಪೆಟ್ಟಿಗೆಗೆ ಬೀಗ. ಬೀಗದ ಕೈ ಇಂಜಿನಿಯರ್ ಜೇಬಿನಲ್ಲಿ. ಅವನ ಕೈ ಜೇಬಿನ ತನಕ ಹೋದದ್ದನ್ನು ನಾನು ನೋಡಿದೆ. ಜೇಬಿನ ಮೇಲೆ ಕೈ ಇಟ್ಟುಕೊಂಡು ಅವನು ಕನ್ನಡಕದವರ ಕಡೆ ತಿರುಗಿದ.

ಕನ್ನಡಕದವರು ಕುರ್ಚಿಯಿಂದ ಎದ್ದಿದ್ದರು. "ಅಯ್ಯೋ ಪಾಪ," ಎಂದರು. ಆಮೇಲೆ, "ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕೆ ಎಷ್ಟು ಹೊತ್ತು ಬೇಕು?"

"ಇವತ್ತಿನ ದಿನ ಹೋಯ್ತು ಸರ್. ಪೈಪು ಮತ್ತೆ ತುಂಬಿಸ್ಬೇಕು, ಚಕ್ರ ಮತ್ತೆ ಹದಕ್ಕೆ ತರ್ಬೇಕು. ನಾಳೆ ನೀವು ಇರಲ್ಲ."

"ನಾಳೆ ಬೇರೆ ಕಡೆ ಇದೆ ನಂಗೆ." ಗಡಿಯಾರ ನೋಡಿಕೊಂಡರು. "ಮುಗಿಯೋಕೆ ಇನ್ನೇನು, ಸ್ವಲ್ಪ ಹೊತ್ತು. ಅಷ್ಟರಲ್ಲಿ ಇವರೇ ತೆಗೀಬಹುದಲ್ವಾ? ಇವರಿಗೆ ಅಭ್ಯಾಸ ಇರುತ್ತೆ."

"ಈಜು ಬರುತ್ತೆ ಸರ್ ಅವನಿಗೆ," ಎಂದ ಇಂಜಿನಿಯರ್. "ಆ ಕಡೆ ಎಲ್ಲೋ ಎದ್ದಿರ್ತಾನೆ." ಹಾಗೆ ಹೇಳುವಾಗ ಅವನು ನೀರಿನ ಕಡೆ ನೋಡಲಿಲ್ಲ.

ಅಕ್ಕ ಅವನ ಕಾಲು ಹಿಡಿದುಕೊಂಡಳು. ಸ್ವಲ್ಪ ಮುಂಚೆ ಭಾವನ ಮೈನೀರು ಬಿದ್ದಿದ್ದ ಅದೇ ಬೂಟು. "ಸಾಹೇಬ್ರೆ, ನಿಮ್ ಪಾದಕ್ಕೆ ಬೀಳ್ತೀನಿ. ಆಮೇಲೆ ಬೇಕಾದ್ರೆ ನಮ್ಮನ್ನ ಓಡಿಸಿ, ಜೈಲಿಗೆ ಹಾಕಿ. ಒಂದು ಗುಂಡಿ ಸ್ವಾಮಿ, ಒಂದೇ ಒಂದು ಗುಂಡಿ."

"ನಾಟಕ ಮಾಡ್ತಾ ಕೂರ್ಬೇಡ, ಹೋಗಿ ಎಳಿ! ನೀನು ಇಲ್ಲಿ ಅಳ್ತಿದ್ರೆ ಅಲ್ಲಿ ಅವನನ್ನ ಎತ್ತೋರ್ಯಾರು?"

ಆ ಹೊತ್ತಿಗೆ ಆ ಮಾತು ಸರಿಯೆನಿಸಿತು. ಬೈದರೂ ದಾರಿ ತೋರಿಸಿದ ಅನಿಸಿತು. ಅಕ್ಕ ಎದ್ದು ಓಡಿ ಬಂದು ಗೋರೆ ಹಿಡಿದಳು. ನಾವು ಮೂರು ಜನ ಎಳೆದೆವು. ಹಾಗೆ ನಾವು ಹುಟ್ಟಿದಾಗಿನಿಂದ ಎಳೆದಿರಲಿಲ್ಲ. ಅವನ ಮೇಲೆ ಕೂತ ಕಸ ತೆಗೆದರೆ ಅವನು ಸಿಗುತ್ತಾನೆ ಎನ್ನುವುದು ಒಂದೇ ತಲೆಯಲ್ಲಿತ್ತು. ಜಾಲರಿ ಕೆಲಸದವರಿಗೆ ಬೇರೆ ಏನು ಹೊಳೆಯುತ್ತದೆ. ಏನು ಸಿಕ್ಕಿಕೊಂಡರೂ ಎಳೆ, ಇನ್ನೂ ಎಳೆ. ಸೊಪ್ಪು ಬಂತು, ಗೋಣಿಚೀಲ ಬಂತು, ಹಾಸಿಗೆ ಎರಡು ಹೋಳಾಗಿ ಬಂತು. ಗೊಣಗಜ್ಜನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ನಮ್ಮ ಹಿಂದೆ ಕಸ ಎದೆಯೆತ್ತರ ಬೆಳೆಯಿತು. ಅವನು ಸಿಗಲಿಲ್ಲ. ಗೋರೆ ಮೆತ್ತಗಿನದಕ್ಕೆ ತಾಗಿದರೆ ಮೂವರೂ ಒಟ್ಟಿಗೆ ಕೈ ತಡೆಯುತ್ತಿದ್ದೆವು. ಹಲ್ಲು ಅವನಿಗೇ ಚುಚ್ಚಿದರೆ ಎಂಬ ಹೆದರಿಕೆ.

ಆಗ ಫೋನಿನಲ್ಲಿ ಕೆಳಗಿನವನ ಕೂಗು ಕೇಳಿಸಿತು. "ನಾಲ್ಕೂ ಮುಕ್ಕಾಲು! ಏರ್ತಾ ಇದೆ ಸಾರ್!" ಮತ್ತೆ ಸ್ವಲ್ಪ ಹೊತ್ತಿಗೆ, "ಐದು! ಐದು ಬಂತು ಸಾರ್!"

ಇಂಜಿನಿಯರ್ ಮುಖ ಅರಳಿತು. ತಡೆದುಕೊಳ್ಳಲು ನೋಡಿದ, ಆದರೂ ಅರಳಿತು. ಕನ್ನಡಕದವರು ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ಲೆಕ್ಕ ಸರಿಯಾಗೇ ಇದೆ," ಎಂದರು.

ಮೇಸ್ತ್ರಿ ನಮ್ಮ ಹತ್ತಿರ ಓಡಿ ಬಂದು ಚಪ್ಪಾಳೆ ತಟ್ಟಿದ. ದೇವರಾಣೆ, ಚಪ್ಪಾಳೆ ತಟ್ಟಿದ. "ಭೇಷ್! ಹಂಗೇ ಎಳೀರಿ, ನಿಲ್ಲಿಸ್ಬೇಡ್ರಿ, ಇನ್ನು ಸ್ವಲ್ಪ ಹೊತ್ತು ಅಷ್ಟೇ!"

ಅಕ್ಕನ ಗೋರೆ ನಿಂತಿತು. ಅವಳು ನೀರನ್ನು ನೋಡಿದಳು. ಜಾಲರಿಯ ಮುಂದೆ ನೀರು ಸುಳಿ ಕಟ್ಟಿ, ಬುಗ್ಗೆ ಬುಗ್ಗೆಯಾಗಿ ಒಳಗೆ ನುಗ್ಗುತ್ತಿತ್ತು. ಬೆಳಿಗ್ಗೆ ಅಷ್ಟು ಜೋರಿರಲಿಲ್ಲ. ಫ್ಯಾನುಗಳು ಕಿರ್‍ರೆಂದು ತಿರುಗುತ್ತಿದ್ದವು.

"ಎಳೀಬೇಡ್ರಿ," ಎಂದಳು.

"ಅಕ್ಕ?"

"ಎಳೀಬೇಡ ಅಂದೆ ಕಣೆ! ಕಸ ತೆಗೆದಷ್ಟೂ ನೀರು ಅವನನ್ನ ಜೋರಾಗಿ ಒಳಗೆ ಹಿಸುಕ್ತಿದೆ. ನಾವೇ ಮಾಡ್ತಿದ್ದೀವಿ ಅದನ್ನ. ನಮ್ ಕೈಯಾರೆ." ಅವಳು ಗೋರೆಯನ್ನು ನೀರಿನಿಂದ ಮೇಲಕ್ಕೆ ಎಳೆದುಕೊಂಡಳು. "ಅವ್ನು ಹೋದ. ಇಷ್ಟು ಹೊತ್ತು ಯಾರೂ ಉಸಿರು ಹಿಡಿದಿರಲ್ಲ. ಆ ಕರು ಏನಾಯ್ತು ನೆನಪಿದೆಯಾ ನಿಂಗೆ?"

ನೆನಪಿತ್ತು. ಹಿಂದಿನ ವರ್ಷ ಸತ್ತ ಕರುವೊಂದು ಬಂದು ಕಂಬಿಗೆ ಒತ್ತಿಕೊಂಡಿತ್ತು. ಗೇಟು ಹಾಕಲಿಲ್ಲ. ನೀರು ಅದನ್ನು ಒತ್ತಿ ಒತ್ತಿ, ಸಂದಿಯಲ್ಲಿ ಹಿಂಡಿ, ಚೂರು ಚೂರೇ ಪೈಪಿನೊಳಕ್ಕೆ ಇಳಿಸಿಕೊಂಡಿತು. ಕೊನೆಗೆ ನಮ್ಮ ಗೋರೆಗೆ ಸಿಕ್ಕಿದ್ದು ಬೆನ್ನಮೂಳೆ.

"ಅವನನ್ನ ಇಡಿಯಾಗಿ ತಗೋತೀನಿ ನಾನು," ಎಂದಳು ಅಕ್ಕ. "ಚೂರು ಚೂರಾಗಿ ಬಿಡಲ್ಲ."

ಹಾಗೆಂದವಳೇ ತಿರುಗಿ ನಾವು ಎಳೆದು ಹಾಕಿದ್ದ ಕಸದ ಗುಡ್ಡೆಗೆ ಗೋರೆ ಹಾಕಿ, ಜಾಲರಿ ಮುಚ್ಚಿಹೋಗುವಂತೆ ನೀರಿಗೆ ತಳ್ಳಿದಳು.

ಗೊಣಗಜ್ಜ ಒಂದು ಗಳಿಗೆ ನೋಡಿದ. ಗೊಣಗಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ನಿಂತು ಹಾಸಿಗೆಯ ಹೋಳನ್ನು ಕಾಲಿನಿಂದ ಒದ್ದು ಒಳಗೆ ಬೀಳಿಸಿದ. ಆಮೇಲೆ ನಾನು. ಭಾವನ ಮೇಲೆಯೇ ಕಸ ಸುರಿಯುತ್ತಿದ್ದೇವೆ ಎನ್ನುವುದು ನನಗೆ ಗೊತ್ತಿತ್ತು. ಅಳುತ್ತಲೇ ಸುರಿದೆ. ಸೊಪ್ಪು, ಗೋಣಿ, ಪ್ಲಾಸ್ಟಿಕ್ಕು, ಮೂರು ದಿನದ ಹಳೆಯ ಕಸ, ಗಬ್ಬೆದ್ದು ನಾರುವ ಕೆಳಗಿನ ಪದರ, ಎಲ್ಲವನ್ನೂ. ಬಿದ್ದದ್ದೆಲ್ಲ ಜಾಲರಿಗೆ ಹೋಗಿ ಫಟ್ ಫಟ್ಟೆಂದು ಅಂಟಿಕೊಂಡಿತು. ಒಂದು ಗೋಣಿಚೀಲ ಫ್ಯಾನುಗಳ ಚೌಕಟ್ಟಿಗೆ ಸುತ್ತಿಕೊಂಡು, ಚೌಕಟ್ಟು ಸೊಟ್ಟಗಾಯಿತು.

"ಏಯ್! ಮೆಷೀನು! ಮೆಷೀನು ಹೋಯ್ತು!" ಇಂಜಿನಿಯರ್ ಈಗ ನೀರಿನ ಕಡೆ ಓಡಿ ಬಂದ. ಅಷ್ಟು ಹೊತ್ತಿನಲ್ಲಿ ಅವನು ನೀರಿನ ಕಡೆ ಬಂದದ್ದು ಅದೇ ಮೊದಲು.

ಮೇಸ್ತ್ರಿ ಅಕ್ಕನ ರಟ್ಟೆ ಹಿಡಿದ. "ತಲೆ ಕೆಟ್ಟಿದೆಯೇನೇ, ಮುಂಡೆ!"

ಅಕ್ಕ ಅವನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಹೂಂ ಕಣೋ, ಮುಂಡೇನೇ. ಈಗ ತಾನೇ ಆದೆ. ನೀವೆಲ್ಲ ಸೇರಿ ಮಾಡಿದ್ರಿ. ಕೈ ಬಿಡು."

ಅವನು ಬಿಡಲಿಲ್ಲ. ನಾನು ಗೋರೆಯ ಹಲ್ಲುಗಳನ್ನು ಅವನ ಹೊಟ್ಟೆಗೆ ಇಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೇ. "ಬಿಡೋ, ಬೋಳಿಮಗನೆ," ಎಂದೆ. ನನ್ನ ಬಾಯಿಂದ ಆ ಮಾತು ಮೇಸ್ತ್ರಿಗೆ ಹೋಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದ. ಗೊಣಗಜ್ಜ ಅತ್ತ ತಿರುಗಿಯೂ ನೋಡದೆ ಕಸ ತಳ್ಳುತ್ತಲೇ ಇದ್ದ.

ಜಾಲರಿಯ ಈಚೆ ನೀರು ಏರತೊಡಗಿತು, ಆಚೆ ಪೈಪಿನ ಬಾಯಲ್ಲಿ ಇಳಿಯತೊಡಗಿತು. ಪೈಪು ಗೊರಗೊರ ಸದ್ದು ಮಾಡಿತು, ಗಾಳಿ ನುಂಗಿತು. ಫೋನಿನವನು ಈಗ ಅಳುವ ಧ್ವನಿಯಲ್ಲಿ ಒದರುತ್ತಿದ್ದ. ನಾಲ್ಕು ಸಾರ್. ಮೂರೂವರೆ ಸಾರ್. ಎರಡಕ್ಕಿಂತ ಕೆಳಗೆ ಬಂತು ಸಾರ್, ಏನ್ ನಡೀತಿದೆ ಅಲ್ಲಿ? ಕನ್ನಡಕದವರು, "ಅವರನ್ನ ತಡೀರಿ," ಎಂದು ಮೆತ್ತಗೇ ಹೇಳಿದರು. ಯಾರಿಗೆ ಹೇಳಿದರೋ. ನಮ್ಮನ್ನು ತಡೆಯಲು ಅಲ್ಲಿ ನಮ್ಮಂಥವರು ಬೇರೆ ಯಾರೂ ಇರಲಿಲ್ಲ.

ಸೈರನ್ ಕೂಗಿತು. ನೀರು ಸಾಲದಿದ್ದರೆ ಚಕ್ರ ತಾನಾಗಿ ನಿಂತುಕೊಳ್ಳುತ್ತದೆ, ಹಾಗೆ ಮಾಡಿದ್ದಾರೆ ಅದನ್ನು. ನಿಂತಿತು. ಜಾಲರಿಯ ಮುಂದಿನ ಸುಳಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಮಾಯವಾಯಿತು. ತುಂಬಿದ ನೀರು ತೊಟ್ಟಿಯ ಪಕ್ಕದ ಕೋಡಿಯ ಮೇಲೆ ಹರಿದು ಬಂಡೆಗಳ ಮೇಲೆ ಸುಮ್ಮನೆ ಬೀಳತೊಡಗಿತು.

ಅಕ್ಕ ಕಬ್ಬಿಣದ ಏಣಿ ಇಳಿದಳು. ಹಿಂದೆ ನಾನು. ನೀರು ಕುತ್ತಿಗೆಯ ತನಕ ಇತ್ತು, ಸೆಳೆತವಿರಲಿಲ್ಲ. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದು ಕೈಯಿಂದ ನಾವೇ ಸುರಿದಿದ್ದ ಕಸವನ್ನು ಬಿಡಿಸಿದೆವು. ಗೋರೆ ಮುಟ್ಟಲಿಲ್ಲ. ಹಾಸಿಗೆಯ ಹತ್ತಿ ಮುದ್ದೆ ಮುದ್ದೆಯಾಗಿ ಬಂತು. ಅದರ ಕೆಳಗೆ ಅಂಗಿ ಸಿಕ್ಕಿತು. ಅಕ್ಕ ಮುಳುಗಿ ಎರಡೂ ತೋಳು ಹಾಕಿ ತಬ್ಬಿಕೊಂಡು ಬಿಡಿಸಿದಳು. ಅವನು ಮೇಲೆ ಬಂದ. ಮುಖದ ಒಂದು ಪಕ್ಕದಲ್ಲಿ ಕಂಬಿಗಳ ಗೀಟು ಉದ್ದಕ್ಕೂ ಮೂಡಿತ್ತು. ಒಂದು ತೋಳು ಸಂದಿಯೊಳಗೆ ಹೋಗಿ ಮುರಿದಿತ್ತು. ಬೆರಳುಗಳು ಇನ್ನೂ ಗೋರೆಯ ಹಿಡಿಯ ಸುತ್ತ ಇದ್ದವು. ಅಕ್ಕ ಒಂದೊಂದೇ ಬೆರಳು ಬಿಡಿಸುತ್ತ, "ಬಿಡು, ಸಾಕು ಬಿಡು," ಎಂದು ಅವನಿಗೇ ಹೇಳಿದಳು.

ಅವನನ್ನೂ ಅವನ ಗೋರೆಯನ್ನೂ ಮೇಲೆ ಎಳೆದುಕೊಂಡು, ಅವನನ್ನು ಕಟ್ಟೆಯ ಮೇಲೆ ಮಲಗಿಸಿದೆವು. ಇಂಜಿನಿಯರ್ ಹತ್ತಿರ ಬಂದು, ನೋಡಿ, ಮೂಗಿಗೆ ಕರವಸ್ತ್ರ ಹಿಡಿದ.

"ಸರಿ, ಸರಿ. ಬಾಡಿ ಸಿಕ್ತಲ್ಲ. ಪಕ್ಕದಲ್ಲಿ ನೆರಳಿಗೆ ಇಡಿ, ಗಾಡಿಗೆ ಹೇಳ್ತೀನಿ." ಆಮೇಲೆ, ಧ್ವನಿ ಇಳಿಸಿ, "ಮೊದಲು ಜಾಲರಿ ಕ್ಲೀನ್ ಮಾಡ್ಬಿಡಿ. ಸಾಹೇಬ್ರು ಇನ್ನೊಂದು ಚಾನ್ಸ್ ಕೊಡ್ತಾರಂತೆ. ಆಗಿದ್ದು ಆಯ್ತು, ನಾನು ಯಾರ ಮೇಲೂ ಕಂಪ್ಲೇಂಟ್ ಬರೆಯಲ್ಲ."

ಅವನ ಹಿಂದಿನಿಂದ ಕನ್ನಡಕದವರು, "ಬೇಗ ಆದ್ರೆ ಒಳ್ಳೇದು. ಐದು ಬಂದಿದ್ದು ನಾನೇ ನೋಡಿದ್ದೀನಿ, ಮತ್ತೆ ಮೊದಲಿಂದ ಬೇಡ, ಒಂದು ಗಂಟೆ ಹಾಗೇ ನಿಂತ್ರೆ ಸಾಕು," ಎಂದರು.

ಅಕ್ಕ ಅವರಿಬ್ಬರ ಕಡೆಗೂ ನೋಡಲಿಲ್ಲ. ತನ್ನ ಸೊಂಟದಿಂದ ಇನ್ನೂ ಜೋತುಬಿದ್ದಿದ್ದ ಹಗ್ಗವನ್ನು ಬಿಚ್ಚಿದಳು. ಗೊಣಗಜ್ಜ ಆಗಲೇ ಎರಡು ಗೋರೆಗಳನ್ನು ನೆಲದ ಮೇಲೆ ಸಮವಾಗಿ ಜೋಡಿಸಿ, ನಡುವೆ ಗೋಣಿ ಹರಿದು ಹಾಸಿದ್ದ. ಹಗ್ಗವನ್ನು ಅಡ್ಡಡ್ಡ ಹೆಣೆದು ಬಿಗಿದ. ಗಂಟು ಗಟ್ಟಿ ಬಿತ್ತು. ಭಾವನನ್ನು ಅದರ ಮೇಲೆ ಮಲಗಿಸಿದೆವು. ಉಳಿದ ಎರಡು ಗೋರೆಗಳನ್ನು ಅಕ್ಕ ಅವನ ಪಕ್ಕೆಗೆ ಇಟ್ಟಳು, ಒಂದು ಆ ಕಡೆ, ಒಂದು ಈ ಕಡೆ. ಜಾಲರಿಯ ಹತ್ತಿರ ಒಂದೂ ಉಳಿಯಲಿಲ್ಲ.

ಮುಂದೆ ಅಕ್ಕ ಎರಡೂ ಹಿಡಿ ಹಿಡಿದಳು. ಹಿಂದೆ ಒಂದೊಂದು ನಾನು, ಗೊಣಗಜ್ಜ. ಎತ್ತಿದೆವು.

"ಗೋರೆ ಬಿಟ್ಟು ಹೋಗ್ರೇ!" ಇಂಜಿನಿಯರ್ ಕೂಗಿದ. "ಅದು ಕಂಪನಿದು! ಜಾಲರಿ ಹೇಗೆ ತೆಗೀಲಿ ನಾನು? ಏಯ್ ಮೇಸ್ತ್ರಿ, ಕಿತ್ಕೊಳಯ್ಯ!"

ಮೇಸ್ತ್ರಿ ಒಂದು ಹೆಜ್ಜೆ ಇಟ್ಟ. ಭಾವನ ಮುಖ ಅವನ ಕಡೆಗೇ ವಾಲಿತ್ತು. ಅಲ್ಲೇ ನಿಂತುಬಿಟ್ಟ.

"ಬಂದು ಬಿಡಿಸ್ಕೋ," ಎಂದಳು ಅಕ್ಕ. ತಿರುಗಲಿಲ್ಲ.

ನಮ್ಮ ಶೆಡ್ಡಿಗೆ ಹೋಗುವುದು ಕಾಲುವೆಯ ದಂಡೆಯ ದಾರಿ. ಅಕ್ಕ ಆ ಕಡೆ ತಿರುಗದೆ ಪೈಪಿನ ಪಕ್ಕದ ಮೆಟ್ಟಿಲುಗಳ ಕಡೆ ನಡೆದಳು. ಅಲ್ಲಿಂದ ಗುಡ್ಡ ಇಳಿಯುತ್ತದೆ, ನೀರು ಇಳಿಯುವ ಅಷ್ಟೂ ಎತ್ತರ.

"ಎಲ್ಲಿಗಕ್ಕ?"

"ಕೆಳಕ್ಕೆ. ಆ ಮೀಟರಿದೆಯಲ್ಲ, ಅದರ ಮುಂದೆ ಮಲಗಿಸ್ತೀನಿ."

ಗೊಣಗಜ್ಜ ತನ್ನ ಕಡೆಯ ಹಿಡಿಯನ್ನು ತಗ್ಗಿಸಿಕೊಂಡ. ಮೇಲಿನಿಂದ ಇಂಜಿನಿಯರ್ ಏನೇನೋ ಕೂಗುತ್ತಿದ್ದ, ಕೋಡಿಯ ನೀರು ಬೀಳುವ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ. ಪೈಪು ಸದ್ದಿಲ್ಲದೆ ಬಿಸಿಲಿಗೆ ಕಾಯುತ್ತಿತ್ತು. ಭಾವ ಮುಂದಕ್ಕೆ ಜಾರದಂತೆ ಅಕ್ಕ ಹಿಡಿಗಳನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಅವನ ಬಟ್ಟೆಯ ನೀರು ಗೋಣಿಯಿಂದ ಸೋರಿ ಅವಳ ಬೆನ್ನ ಮೇಲೆ ಇಳಿಯುತ್ತಿತ್ತು. ಕೆಳಗೆ ಪವರ್ ಹೌಸಿನ ಜನ ಒಬ್ಬೊಬ್ಬರೇ ಹೊರಗೆ ಬಂದು ತಲೆಯೆತ್ತಿ ನೋಡುತ್ತಿದ್ದರು. ಒಬ್ಬ ಓಡಿ ಹೋಗಿ ದೊಡ್ಡ ಬಾಗಿಲನ್ನು ಎಳೆದು ಮುಚ್ಚಿದ. ಅಕ್ಕ ಅದನ್ನು ನೋಡಿದಳು, ಮುಂದಿನ ಮೆಟ್ಟಿಲಿಗೆ ಕಾಲು ಇಟ್ಟಳು.